ಚಿತ್ರದ ವಿಳಾಸವೊಂದೇ ಸಾಲದು: ಪೈಥಾನ್‌ನಿಂದ ಸಿ ಲೈಬ್ರರಿಯವರೆಗೆ

640 ಪಿಕ್ಸೆಲ್ ಅಗಲದ ಬಣ್ಣದ ಚಿತ್ರದ ಮೆಮೊರಿ ವಿಳಾಸವನ್ನು ಪೈಥಾನ್‌ನಿಂದ ಸಿ ಭಾಷೆಯ ಫಂಕ್ಷನ್‌ಗೆ ಕೊಟ್ಟರೆ ಎಲ್ಲವೂ ಸರಿ. ಅದೇ ಕೋಡ್‌ಗೆ 641 ಅಗಲದ ಚಿತ್ರ ಕೊಟ್ಟರೆ ಓರೆಯಾಗಿ, ಬಣ್ಣ ಕಲಸಿಕೊಂಡು ಹೊರಬರುತ್ತದೆ. ಪಿಕ್ಸೆಲ್‌ಗೆ 3 ಬೈಟ್‌ನಂತೆ 641ಕ್ಕೆ 1923 ಬೈಟ್. ಬಿಎಂಪಿ ಕಡತದ ಹಾಗೆ ಸಾಲನ್ನು 4ರ ಗುಣಕಕ್ಕೆ ಹೊಂದಿಸುವ ಲೈಬ್ರರಿ ಅದನ್ನು 1924 ಎಂದು ಎಣಿಸುತ್ತದೆ. ಪೈಥಾನ್ ಕಡೆ ಆ ಒಂದು ಬೈಟ್ ಇಲ್ಲ. ಸಾಲಿಗೊಂದು ಬೈಟ್ ಜಾರುತ್ತ 480ನೇ ಸಾಲಿಗೆ ಬರುವಷ್ಟರಲ್ಲಿ ಚಿತ್ರ ಸುಮಾರು 160 ಪಿಕ್ಸೆಲ್ ಸರಿದಿರುತ್ತದೆ. ಕೆಂಪು, ಹಸಿರು, ನೀಲಿ ಸಾಲಿನಿಂದ ಸಾಲಿಗೆ ಜಾಗ ಬದಲಿಸುತ್ತವೆ. ಕೊನೆಯ ಸಾಲಿನಲ್ಲಂತೂ ಫಂಕ್ಷನ್ ತನ್ನದಲ್ಲದ ಮೆಮೊರಿಯನ್ನೇ ಓದುತ್ತದೆ.

ಈ ತೊಡಕಿನ ಬೇರು 1995ರಷ್ಟು ಹಳೆಯದು. ಆ ವರ್ಷ ಜಿಮ್ ಹ್ಯೂಗುನಿನ್ ನ್ಯೂಮೆರಿಕ್ ಎಂಬ ಅರೇ (ಸಾಲಾಗಿ ಜೋಡಿಸಿದ ಸಂಖ್ಯೆಗಳ) ಲೈಬ್ರರಿಯನ್ನೂ, ಫ್ರೆಡ್ರಿಕ್ ಲುಂಡ್ ಪಿಐಎಲ್ ಎಂಬ ಚಿತ್ರ ಲೈಬ್ರರಿಯನ್ನೂ ಕಟ್ಟತೊಡಗಿದರು. ಎರಡಕ್ಕೂ ಮೆಮೊರಿಯ ನಕ್ಷೆ ಬೇರೆ ಬೇರೆ. ಪಿಐಎಲ್ ಪ್ರತಿ ಸಾಲಿನ ವಿಳಾಸವನ್ನು ಪಟ್ಟಿಯಲ್ಲಿಡುತ್ತದೆ, ಆರ್‌ಜಿಬಿ ಪಿಕ್ಸೆಲ್‌ಗೂ ಒಳಗೆ 4 ಬೈಟ್ ಬಳಸುತ್ತದೆ. ಉದ್ದಕ್ಕೆ ಒಂದೇ ತುಂಡಾಗಿ, 3 ಬೈಟ್‌ನ ಲೆಕ್ಕದಲ್ಲಿ ಓದುವ ಸಿ ಫಂಕ್ಷನ್‌ಗೆ ಅದನ್ನು ನೇರವಾಗಿ ಕೊಡುವಂತಿಲ್ಲ. ಹಾಗಾಗಿ ಬೈಟ್‌ಗಳ ಪ್ರತಿ ತೆಗೆದು ಕೊಡುವುದೇ ರೂಢಿಯಾಯಿತು. 640×480 ಚಿತ್ರಕ್ಕೆ 9,21,600 ಬೈಟ್. ಸೆಕೆಂಡಿಗೆ 25 ಚಿತ್ರ ಬಂದರೆ ಬರೀ ನಕಲಿಗೇ 2.3 ಕೋಟಿ ಬೈಟ್.

ಒಂದು ವಸ್ತುವಿನ ಮೆಮೊರಿಯನ್ನು ನಕಲಿಲ್ಲದೆ ಇನ್ನೊಂದಕ್ಕೆ ಎರವಲು ಕೊಡುವ ಪೈಥಾನ್‌ನ ಹಳೆಯ ಬಫರ್ ವ್ಯವಸ್ಥೆ ವಿಳಾಸ ಮತ್ತು ಉದ್ದ ಎರಡನ್ನೇ ಹೇಳುತ್ತಿತ್ತು. ಆಕಾರ ಗೊತ್ತಿಲ್ಲ, ಬೈಟ್‌ನ ಬಗೆ ಗೊತ್ತಿಲ್ಲ. ಅದಕ್ಕಿಂತ ಅಪಾಯದ ಕೊರತೆ ಇನ್ನೊಂದಿತ್ತು: "ನನ್ನ ಕೆಲಸ ಮುಗಿಯಿತು" ಎಂದು ತಿಳಿಸುವ ದಾರಿಯೇ ಇರಲಿಲ್ಲ. ನಡುವೆ ಅರೇ ದೊಡ್ಡದಾಗಿ ಬೇರೆ ಜಾಗಕ್ಕೆ ಹೋದರೆ ಸಿ ಕಡೆ ಉಳಿಯುವುದು ಸತ್ತ ವಿಳಾಸ.

ತಿರುವು ಬಂದದ್ದು 2006ರಲ್ಲಿ. ಸಿ ಫಂಕ್ಷನ್‌ಗಳನ್ನು ನೇರವಾಗಿ ಕರೆಯುವ ಸಿಟೈಪ್ಸ್ ಪೈಥಾನ್ 2.5ರೊಳಗೆ ಸೇರಿತು, ನ್ಯೂಮೆರಿಕ್‌ನ ಉತ್ತರಾಧಿಕಾರಿ ನಂಪೈ 1.0 ಹೊರಬಂತು, ಟ್ರಾವಿಸ್ ಒಲಿಫಾಂಟ್ ಮತ್ತು ಕಾರ್ಲ್ ಬ್ಯಾಂಕ್ಸ್ ಪೆಪ್ 3118 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ ಬರೆದರು. ಈ ಹೊಸ ಬಫರ್ ಕರಾರು ಆಕಾರ, ಬಗೆ, ಓದಲು ಮಾತ್ರವೇ ಎಂಬ ಗುರುತು, ಒಂದು ಸಾಲಿನಿಂದ ಮುಂದಿನ ಸಾಲಿಗೆ ಎಷ್ಟು ಬೈಟ್ ಎಂಬ ಸ್ಟ್ರೈಡ್, ಎಲ್ಲವನ್ನೂ ವಿಳಾಸದ ಜೊತೆಗೇ ಕಳಿಸುತ್ತದೆ. ಪಿಐಎಲ್ ಬಗೆಯ ಸಾಲು ಪಟ್ಟಿಗೆಂದೇ, ಪಟ್ಟಿಯ ವಿಳಾಸದ ಮೂಲಕ ಸಾಲನ್ನು ತಲುಪಿಸುವ ಸಬ್‌ಆಫ್‌ಸೆಟ್ ಕೂಡ ಇದೆ. ಬಫರ್ ಎರವಲು ಕೊಟ್ಟಿರುವಾಗ ಬೈಟ್‌ಅರೇ (ಪೈಥಾನ್‌ನ ಬದಲಿಸಬಹುದಾದ ಬೈಟ್ ಸಾಲು) ಗಾತ್ರ ಬದಲಿಸಹೊರಟರೆ ಪೈಥಾನ್ ಬಫರ್‌ಎರರ್ ಎಂಬ ದೋಷ ಎತ್ತಿ ತಡೆಯುತ್ತದೆ. ಇಷ್ಟಾದರೂ ಪಿಐಎಲ್‌ನ ಉತ್ತರಾಧಿಕಾರಿ ಪಿಲ್ಲೋ ಇಂದಿಗೂ ನಂಪೈಗೆ ಕೊಡುವುದು ನಕಲನ್ನೇ.

ಕರಾರು ಬಂದ ಮೇಲೂ ಸಿಟೈಪ್ಸ್ ಬಳಸುವವರು ಎಡವುವ ಜಾಗಗಳಿವೆ. ಫಂಕ್ಷನ್ ಪಡೆಯುವ ಮೌಲ್ಯಗಳ ಬಗೆ ಹೇಳುವ ಆರ್ಗ್‌ಟೈಪ್ಸ್ ಬರೆಯದೆ ವಿಳಾಸವನ್ನು ಬರೀ ಸಂಖ್ಯೆಯಾಗಿ ಕೊಟ್ಟರೆ ಅದು 32 ಬಿಟ್‌ನ ಇಂಟ್ ಆಗಿ ಹೋಗುತ್ತದೆ. 64 ಬಿಟ್ ಯಂತ್ರದಲ್ಲಿ ವಿಳಾಸದ ಅರ್ಧ ಕತ್ತರಿಸಿಹೋಗಿ ಪ್ರೋಗ್ರಾಂ ಬೀಳುತ್ತದೆ. ಪಾಯಿಂಟರ್ (ವಿಳಾಸ) ಹಿಂದಿರುಗಿಸುವ ಫಂಕ್ಷನ್‌ಗೆ ಫಲಿತಾಂಶದ ಬಗೆ ಹೇಳುವ ರೆಸ್‌ಟೈಪ್ ಮರೆತರೂ ಇದೇ ಗತಿ.

ಸದ್ದಿಲ್ಲದೆ ಕೆಡಿಸುವುದು ಮಾತ್ರ ನಂಪೈಯ ಅಸ್‌ಕಂಟಿಗ್ಯುಯಸ್‌ಅರೇ ಎಂಬ ಫಂಕ್ಷನ್. ತಿರುಗಿಸಿದ ಅಥವಾ ಕತ್ತರಿಸಿದ ಚಿತ್ರವನ್ನು ಅದು ಒಂದೇ ತುಂಡಾಗಿ ನಕಲು ಮಾಡಿಕೊಡುತ್ತದೆ. ಫಲಿತಾಂಶವನ್ನು ಹೆಸರಿಗೆ ಹಿಡಿದಿಡದೆ ಅದರ ವಿಳಾಸದ ಸಂಖ್ಯೆಯನ್ನಷ್ಟೇ ಕಳಿಸಿದರೆ, ಫಂಕ್ಷನ್ ಶುರುವಾಗುವ ಮೊದಲೇ ನಕಲಿನ ಮೆಮೊರಿ ಬಿಡುಗಡೆಯಾಗಿರುತ್ತದೆ. ಹಿಡಿದಿಟ್ಟರೂ ಸಿ ಬರೆಯುವುದು ನಕಲಿನ ಮೇಲೆ. ಮೂಲಕ್ಕೆ ಮರಳಿ ತುಂಬದಿದ್ದರೆ ಅದು ಇದ್ದಂತೆಯೇ ಉಳಿಯುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣಾ ಲೈಬ್ರರಿ ಇಲ್ಲಿ ಹೆಚ್ಚು ಪ್ರಾಮಾಣಿಕ: ಬಣ್ಣದ ಕ್ರಮ ತಿರುಗಿಸಿದ ನೋಟದ (ನಕಲಿಲ್ಲದೆ ಅದೇ ಮೆಮೊರಿಯನ್ನು ಬೇರೆ ಕ್ರಮದಲ್ಲಿ ತೋರಿಸುವ ಅರೇಯ) ಮೇಲೆ ಚೌಕ ಬರೆಯಹೊರಟರೆ ಲೇಔಟ್ ಹೊಂದುತ್ತಿಲ್ಲ ಎಂದು ನೇರವಾಗಿ ನಿರಾಕರಿಸುತ್ತದೆ.

ಸಿ ಫಂಕ್ಷನ್ ನೀವೇ ಬರೆಯುವುದಾದರೆ ವಿಳಾಸ, ಅಗಲ, ಎತ್ತರಗಳ ಜೊತೆ ಸ್ಟ್ರೈಡನ್ನೂ ಕೇಳಿ ಪಡೆಯಿರಿ. 640 ಅಗಲದ ಚಿತ್ರದಿಂದ 100 ಪಿಕ್ಸೆಲ್ ಅಗಲದ ತುಂಡು ಕತ್ತರಿಸಿದರೆ ಸಾಲಿನ ಹೂರಣ 300 ಬೈಟ್, ಸ್ಟ್ರೈಡ್ ಮಾತ್ರ 1920. ಆ 1920 ಕೈಗೆ ಸಿಕ್ಕರೆ ನಕಲೇ ಬೇಕಿಲ್ಲ.