ಪದ ಪರಿಚಯ: ಕವರ್ ಸಾಂಗ್ (ಜೊತೆಗೆ ಮಟ್ಟು, ಇಶಲ್, ಧಾಟಿ)

ಒಬ್ಬರು ಹಾಡಿ ಧ್ವನಿಮುದ್ರಿಸಿದ ಹಾಡನ್ನು ಮತ್ತೊಬ್ಬರು ಅದೇ ಸಾಹಿತ್ಯ, ಅದೇ ರಾಗಸಂಯೋಜನೆ ಇಟ್ಟುಕೊಂಡು ತಮ್ಮ ಕಂಠದಲ್ಲಿ, ತಮ್ಮ ವಾದ್ಯಗಳೊಂದಿಗೆ ಹೊಸದಾಗಿ ಮುದ್ರಿಸಿದರೆ ಅದು ಕವರ್ ಸಾಂಗ್. ಅರ್ಥ ಇಷ್ಟೇ, ತೊಡಕಿರುವುದು ಬಳಕೆಯಲ್ಲಿ. ಕಾಸರಗೋಡು ಕಡೆ ಮದುವೆ ಮನೆಯಲ್ಲಿ ಕರೋಕೆ ಹಾಕಿ ಹಾಡಿದರೂ ಕವರ್, ಮಲಯಾಳಂ ಹಾಡಿನ ಧಾಟಿಗೆ ಕನ್ನಡದಲ್ಲಿ ಭಜನೆ ಬರೆದರೂ ಕವರ್, ಹಳೆಯ ಮುದ್ರಣಕ್ಕೆ ಡ್ರಮ್ಸ್ ಸೇರಿಸಿ ಮರಳಿ ಬಿಟ್ಟರೂ ಕವರ್. ನಿಜಕ್ಕೂ ಈ ಮೂರರಲ್ಲಿ ಒಂದೂ ಕವರ್ ಅಲ್ಲ.

ಗೊಂದಲ ಬಿಡಿಸಲು ಹಾಡನ್ನು ಮೂರು ಪದರವಾಗಿ ನೋಡಬೇಕು. ಮೊದಲನೆಯದು ಸಾಹಿತ್ಯ. ಎರಡನೆಯದು ಆ ಸಾಹಿತ್ಯವನ್ನು ಹೊತ್ತ ಸ್ವರ ಮತ್ತು ತಾಳದ ಕಟ್ಟು, ಅಂದರೆ ಮಟ್ಟು. ಮೂರನೆಯದು ಒಂದು ದಿನ ಒಂದು ಸ್ಟುಡಿಯೋದಲ್ಲಿ ಒಬ್ಬ ಗಾಯಕ ಅದನ್ನು ಹಾಡಿದ ಮುದ್ರಣ. ಕವರ್ ಸಾಂಗ್ ಮೊದಲ ಎರಡನ್ನು ಉಳಿಸಿಕೊಂಡು ಮೂರನೆಯದನ್ನು ಮಾತ್ರ ಬದಲಿಸುತ್ತದೆ. ಧಾಟಿ ಹಾಡು ಮಟ್ಟನ್ನು ಉಳಿಸಿ ಸಾಹಿತ್ಯವನ್ನು ಬದಲಿಸುತ್ತದೆ. ರೀಮಿಕ್ಸ್ ಮೂರನೆಯದನ್ನೇ ಇಟ್ಟುಕೊಂಡು ಅದರ ಮೇಲೆ ಕೈಯಾಡಿಸುತ್ತದೆ. ಯಾವ ಹಾಡು ಕೇಳಿದರೂ ‘ಇದರಲ್ಲಿ ಏನು ಹಳತು, ಏನು ಹೊಸತು’ ಎಂದು ಪದರ ಪದರವಾಗಿ ಕೇಳಿಕೊಂಡರೆ ಹೆಸರು ತಾನಾಗಿ ಸಿಗುತ್ತದೆ.

ನಮ್ಮ ಕಾಸರಗೋಡು ಜಿಲ್ಲೆಯವರಿಗೆಲ್ಲ ಗೊತ್ತಿರುವ ಒಂದು ಹಾಡನ್ನೇ ತೆಗೆದುಕೊಳ್ಳಬಹುದು: ‘ಮಾಣಿಕ್ಯ ಮಲರಾಯ ಪೂವಿ’. 2018ರ ಫೆಬ್ರವರಿಯಲ್ಲಿ ಕಣ್ಣು ಮಿಟುಕಿಸುವ ದೃಶ್ಯದೊಂದಿಗೆ ದೇಶವೆಲ್ಲ ಹರಡಿದಾಗ ಬಹಳ ಮಂದಿ ಅದನ್ನು ಹೊಸ ಸಿನಿಮಾ ಹಾಡು ಎಂದೇ ತಿಳಿದರು. ಆದರೆ ಹಾಡು 1978ರದ್ದು. ಬರೆದವರು ತ್ರಿಶ್ಶೂರು ಜಿಲ್ಲೆಯ ಪಿ.ಎಂ.ಎ. ಜಬ್ಬಾರ್. ಮಟ್ಟು ಹಾಕಿ ಮೊದಲು ಹಾಡಿದವರು ತಲಶ್ಶೇರಿ ಕೆ. ರಫೀಕ್. ವಸ್ತು ಪ್ರವಾದಿ ಮುಹಮ್ಮದರ ಮತ್ತು ಖದೀಜಾ ಬೀವಿಯವರ ವಿವಾಹ. ನಾಲ್ಕು ದಶಕ ಮಲಬಾರಿನ ಮದುವೆಗಳಲ್ಲಿ, ಗಾನಮೇಳಗಳಲ್ಲಿ, ಕ್ಯಾಸೆಟ್ಟುಗಳಲ್ಲಿ ಬಾಯಿಂದ ಬಾಯಿಗೆ ಓಡಾಡಿತು. ಎರಂಞೋಳಿ ಮೂಸರಂಥ ಗಾಯಕರ ಕಂಠದಲ್ಲಿ ಕೇಳಿ ಬಲ್ಲವರೂ ಇಲ್ಲಿ ಕಡಿಮೆಯಿಲ್ಲ. ಒಮರ್ ಲುಲು ನಿರ್ದೇಶನದ ‘ಒರು ಅಡಾರ್ ಲವ್’ ಚಿತ್ರಕ್ಕೆ ಶಾನ್ ರೆಹಮಾನ್ ಅದನ್ನು ಹೊಸ ವಾದ್ಯಸಂಯೋಜನೆಯಲ್ಲಿ ಕಟ್ಟಿದರು, ವಿನೀತ್ ಶ್ರೀನಿವಾಸನ್ ಹಾಡಿದರು. ಸಾಹಿತ್ಯ ಹಳೆಯದು, ಮಟ್ಟಿನ ಬೆನ್ನೆಲುಬೂ ಹಳೆಯದು, ಮುದ್ರಣ ಮಾತ್ರ ಹೊಸತು. ಅಂದರೆ ಲೋಕವೇ ‘ಮೂಲ’ ಎಂದುಕೊಂಡದ್ದು ಒಂದು ಕವರ್. ಆಮೇಲೆ ಬಂದ ನೂರಾರು ಗಿಟಾರ್, ವಯೊಲಿನ್, ಕೀಬೋರ್ಡ್ ಆವೃತ್ತಿಗಳು ಕವರಿನ ಕವರ್. ಅವು ಅನುಸರಿಸಿದ್ದು ಸಿನಿಮಾ ಮುದ್ರಣದ ಲಯವನ್ನು, 1978ರ ಹಾಡಿಕೆಯನ್ನಲ್ಲ.

ಹಾಡಿನ ವಯಸ್ಸು ಗೊತ್ತಿರುವುದು ಪಾಂಡಿತ್ಯಕ್ಕಷ್ಟೇ ಅಲ್ಲ, ಕೋರ್ಟಿಗೂ ಬೇಕಾಗುತ್ತದೆ. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಹೈದರಾಬಾದಿನಲ್ಲಿ ಇದೇ ಹಾಡಿನ ಮೇಲೆ ಎಫ್‌ಐಆರ್ ದಾಖಲಾದಾಗ, ಇದು 1978ರಿಂದ ಚಾಲ್ತಿಯಲ್ಲಿರುವ ಹಾಡು ಎನ್ನುವುದು ಚಿತ್ರತಂಡದ ಮುಖ್ಯ ವಾದವಾಗಿತ್ತು. 2018ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ಎಫ್‌ಐಆರನ್ನು ರದ್ದುಗೊಳಿಸಿತು.

ಈ ಹಾಡು ಹುಟ್ಟಿದ್ದು ಮಾಪ್ಪಿಳಪ್ಪಾಟ್ಟು ಎಂಬ ಮಲಬಾರಿನ ಮುಸ್ಲಿಮರ ಹಾಡಿನ ಪರಂಪರೆಯಲ್ಲಿ. ಅಲ್ಲಿ ಮಟ್ಟಿಗೆ ‘ಇಶಲ್’ ಎಂದು ಹೆಸರು. ಮಾಪ್ಪಿಳಪ್ಪಾಟ್ಟಿನ ಕವಿ ಹಾಡಿನ ತಲೆಗೆ ಇಂಥ ಇಶಲ್ ಎಂದು ಬರೆದರೆ ಸಾಕು, ಓದಿದವನು ಹಾಡಬಲ್ಲ. ಕೊಂಬು, ತೊಂಗಲ್, ವಿರುತ್ತಂ, ಒಪ್ಪನ ಚಾಯಲ್, ಒಪ್ಪನ ಮುರುಕ್ಕಂ ಹೀಗೆ ಹೆಸರುಗಳಿವೆ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರು (1852–1892) ಇವನ್ನು ಹಿಡಿದೇ ದೊಡ್ಡ ಕಾವ್ಯಗಳನ್ನು ಕಟ್ಟಿದರು. ಇಶಲಿನ ಜೊತೆಗೆ ಪ್ರಾಸದ ಕಟ್ಟಳೆಯೂ ಇದೆ. ಸಾಲಿನ ಮೊದಲ ಅಕ್ಷರ ಹೊಂದುವುದು ಕಂಬಿ, ಎರಡನೆಯ ಅಕ್ಷರ ಹೊಂದುವುದು ಕಳುತ್ತು, ಕೊನೆ ಹೊಂದುವುದು ವಾಲ್‌ಕಂಬಿ, ಒಂದು ಸಾಲಿನ ಬಾಲವನ್ನು ಮುಂದಿನ ಸಾಲಿನ ತಲೆ ಹಿಡಿದುಕೊಳ್ಳುವುದು ವಾಲಿನ್ಮೇಲ್ ಕಂಬಿ. ‘ಮಾಣಿಕ್ಯ’ ಹಾಡಿನ ಮೊದಲ ಸಾಲು ‘ಮಾ’ದಿಂದ ಹೊರಟು ‘ಪೂವಿ’ಯಲ್ಲಿ ನಿಲ್ಲುತ್ತದೆ, ಎರಡನೆಯದು ‘ಮ’ದಿಂದ ಹೊರಟು ‘ಬೀವಿ’ಯಲ್ಲಿ. ಕಂಬಿಯೂ ಆಯಿತು, ವಾಲ್‌ಕಂಬಿಯೂ ಆಯಿತು. ಕಳುತ್ತು ಎನ್ನುವುದು ನಮ್ಮ ಹಳಗನ್ನಡದ ದ್ವಿತೀಯಾಕ್ಷರ ಪ್ರಾಸವೇ ಎಂದು ಕನ್ನಡ ಓದಿದವರಿಗೆ ಬೇರೆ ಹೇಳಬೇಕಿಲ್ಲ. ಈ ಹಾಡುಗಳಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿಸಿದ್ದು ಕಾಸರಗೋಡಿನ ತಳಂಗರೆಯ ಕವಿ ಟಿ. ಉಬೈದ್ (1908–1972). ಕನ್ನಡ ಮಾಧ್ಯಮದಲ್ಲಿ ಕಲಿತ ಅವರು 1947ರಲ್ಲಿ ಕೋಯಿಕ್ಕೋಡಿನ ಸಾಹಿತ್ಯ ಪರಿಷತ್ತಿನ ಸಭೆಯಲ್ಲಿ ಮಾಪ್ಪಿಳಪ್ಪಾಟ್ಟಿನ ಪರ ಮಾತಾಡಿದ್ದು ದೊಡ್ಡ ತಿರುವು ಎಂದೇ ಪರಿಗಣಿತ.

ಇಶಲ್ ಗ್ರಾಮ ಎಂದು ಹೆಸರಾದ ಮೊಗ್ರಾಲ್ ಇರುವುದು ಕುಂಬಳೆಯ ಮಗ್ಗುಲಲ್ಲೇ. ಕುಂಬಳೆಯಾದರೋ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು ಎಂದು ಯಕ್ಷಗಾನದವರು ಕೈಮುಗಿಯುವ ಜಾಗ. ಎರಡೂ ಕಡೆಯ ಪದ್ಧತಿ ಒಂದೇ. ಪ್ರಸಂಗ ಪುಸ್ತಕ ತೆರೆದರೆ ಪದದ ನೆತ್ತಿಯ ಮೇಲೆ ‘ರಾಗ ಕಾಂಭೋಜಿ, ಝಂಪೆ ತಾಳ’ ಎಂದಷ್ಟೇ ಇರುತ್ತದೆ, ಸ್ವರಲಿಪಿ ಇರುವುದಿಲ್ಲ. ಭಾಗವತರು ಆ ತಾಳಕ್ಕೆ ಒಪ್ಪುವ ಮಟ್ಟನ್ನು ತಮ್ಮ ನೆನಪಿನ ಗಂಟಿನಿಂದ ತೆಗೆಯುತ್ತಾರೆ. ಝಂಪೆಗೆ 10 ಅಕ್ಷರ, ತ್ರಿವುಡೆಗೆ 7, ರೂಪಕಕ್ಕೆ 6. ಪದದ ಮಾತ್ರೆಗಣ ಆ ನಡೆಗೆ ಹೊಂದಿದರೆ ಒಂದು ಮಟ್ಟಿನಲ್ಲಿ ನೂರು ಪದ ಹೇಳಬಹುದು, ಒಂದೇ ಪದವನ್ನು ಎರಡು ಮಟ್ಟಿನಲ್ಲೂ ಹೇಳಬಹುದು. ಬಲಿಪ ನಾರಾಯಣ ಭಾಗವತರು (1938–2023) ಹೇಳಿದ ಪದವನ್ನು ಇನ್ನೊಬ್ಬ ಭಾಗವತರು ಹೇಳಿದರೆ ಅದನ್ನು ಯಾರೂ ಕವರ್ ಎನ್ನುವುದಿಲ್ಲ. ಅಲ್ಲಿ ‘ಮೂಲ ಮುದ್ರಣ’ ಎಂಬ ಮೂರನೆಯ ಪದರವೇ ಇಲ್ಲ, ಇರುವುದು ಶೈಲಿ. ದಾಸರ ಪದಗಳದ್ದೂ ಇದೇ ಕತೆ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕರ್ನಾಟಕ ಸಂಗೀತದವರು ಹಾಡುವ ರೀತಿ ಬೇರೆ, ಭೀಮಸೇನ ಜೋಶಿಯವರ ರೀತಿ ಬೇರೆ, ಮತ್ತು ಒಂದು ಇನ್ನೊಂದರ ಕವರ್ ಅಲ್ಲ. ಜೋಶಿಯವರ ಮಟ್ಟನ್ನೇ, ಅವರ ನಿಲುಗಡೆಗಳ ಸಮೇತ, ಇನ್ನೊಬ್ಬರು ಮುದ್ರಿಸಿದರೆ ಆಗ ಕವರ್ ಎನ್ನಬಹುದು.

ಮಟ್ಟನ್ನೂ ಎತ್ತದೆ ಬರಿಯ ಬನಿಯನ್ನು ಮಾತ್ರ ಎತ್ತುವುದೂ ಉಂಟು. 1954ರ ‘ನೀಲಕ್ಕುಯಿಲ್’ ಚಿತ್ರಕ್ಕೆ ಕೆ. ರಾಘವನ್ ಮಾಪ್ಪಿಳ ಹಾಡಿನ ಜಾಯಮಾನದಲ್ಲೇ ಪಿ. ಭಾಸ್ಕರನ್ ಅವರ ಸಾಹಿತ್ಯಕ್ಕೆ ಸ್ವರ ಹಾಕಿ ತಾವೇ ಹಾಡಿದ್ದು ಇಂಥದ್ದು. ಅದು ಕವರೂ ಅಲ್ಲ, ಧಾಟಿಯೂ ಅಲ್ಲ, ಸ್ವತಂತ್ರ ರಚನೆ.

ಈಗ ಧಾಟಿ. ಗಡಿನಾಡಿನಲ್ಲಿ ಹೆಚ್ಚು ನಡೆಯುವ ಕೆಲಸವೂ ಹೆಚ್ಚು ಕೆಡುವ ಕೆಲಸವೂ ಇದೇ: ಮಲಯಾಳಂ ಹಾಡಿನ ಮಟ್ಟಿಗೆ ಕನ್ನಡ ಸಾಹಿತ್ಯ ಕೂರಿಸುವುದು. ಮೊದಲು ಮಾಡಬೇಕಾದ್ದು ಹಾಡಿನ ನಡೆ ಎಷ್ಟರದೆಂದು ಕೈತಟ್ಟಿ ಗುರುತಿಸುವುದು. ಭಾಮಿನಿ ಷಟ್ಪದಿಯ ಪದ್ಯ ಮೂರು ನಾಲ್ಕು, ಮೂರು ನಾಲ್ಕು ಎಂದು ಏಳರ ಹೆಜ್ಜೆಯಲ್ಲಿ ನಡೆಯುತ್ತದೆ. ಅದನ್ನು ಆರರ ನಡೆಯ ಸಿನಿಮಾ ಮಟ್ಟಿಗೆ ಹಾಕಿದರೆ ಪ್ರತಿ ಆವರ್ತಕ್ಕೂ ಒಂದು ಮಾತ್ರೆ ಹೊರಗೆ ಬೀಳುತ್ತದೆ, ಹಾಡುವವರು ಓಡಿಸಿಕೊಂಡು ಹೋಗಬೇಕಾಗುತ್ತದೆ. ಆಮೇಲೆ ಸಾಲಿನ ಪ್ರತಿ ಅಕ್ಷರಕ್ಕೂ ಲಘು ಗುರು ಹಾಕಿ, ದೀರ್ಘವಾಗಿ ನಿಲ್ಲುವ ಸ್ವರಗಳು ಎಲ್ಲಿವೆ ಎಂದು ಗೀಟು ಎಳೆಯಬೇಕು. ಕನ್ನಡ ಬರೆಯುವುದು ಇದಾದ ನಂತರ.

ಮಾತ್ರೆ ಸರಿಯಿದ್ದೂ ಹಾಡು ಎಡವುವುದೇಕೆ ಎಂಬುದು ಹಲವರ ಪ್ರಶ್ನೆ. ಕಾರಣ ಪದಾಂತ್ಯ. ಮಲಯಾಳಂ ಪದಗಳು ಅರ್ಧಾಕ್ಷರದಲ್ಲಿ ಮುಚ್ಚಿಕೊಳ್ಳಬಲ್ಲವು, ಹೊಸಗನ್ನಡದವು ಹೆಚ್ಚುಕಡಿಮೆ ಎಲ್ಲ ಸ್ವರದಲ್ಲಿ ತೆರೆದುಕೊಂಡೇ ನಿಲ್ಲುತ್ತವೆ. ‘ಕಡಲ್’ ಎಂದರೆ ಒಂದು ಲಘು, ಒಂದು ಗುರು, ಮೂರು ಮಾತ್ರೆ. ‘ಕಡಲು’ ಮೂರು ಲಘು, ಅದೂ ಮೂರೇ ಮಾತ್ರೆ. ಲೆಕ್ಕಕ್ಕೆ ಸರಿ. ಆದರೆ ಮಟ್ಟಿನಲ್ಲಿ ‘ಡಲ್’ ಮೇಲೆ ಸ್ವರ ನಿಂತು ಆರುತ್ತದೆ. ಕನ್ನಡದವರು ಅಲ್ಲಿ ‘ಡ’ವನ್ನು ಎಳೆದು ‘ಲು’ವನ್ನು ಕೊನೆಗೆ ಅಂಟಿಸುತ್ತಾರೆ, ಮುಗಿದ ಸ್ವರ ಮತ್ತೆ ಎದ್ದು ಕೂರುತ್ತದೆ. ‘ಪೂಕ್ಕಳ್’ ಇದ್ದಲ್ಲಿ ‘ಹೂಗಳು’ ಹಾಕಿದಾಗಲೂ ಹೀಗೆಯೇ. ಇದಕ್ಕೆ ಎರಡು ಮದ್ದು. ಮುಂದಿನ ಪದ ಸ್ವರದಿಂದ ಶುರುವಾಗುವಂತೆ ನೋಡಿಕೊಂಡು ಲೋಪಸಂಧಿ ಮಾಡುವುದು ಒಂದು: ಕಡಲು ಅಲೆ ಎಂಬುದು ‘ಕಡಲಲೆ’ ಆದರೆ ‘ಲು’ವಿನ ಕಾಟ ತಪ್ಪಿತು. ದೀರ್ಘ ಸ್ವರ ಬರುವಲ್ಲಿ ದೀರ್ಘಾಕ್ಷರದಲ್ಲೇ ಮುಗಿಯುವ ರೂಪಗಳನ್ನು ಇಡುವುದು ಇನ್ನೊಂದು: ಸಂಬೋಧನೆಯ ‘ತಾಯೇ’, ‘ದೇವಾ’, ‘ಗೆಳತೀ’. ಭಜನೆಗಳಲ್ಲಿ ಧಾಟಿ ಸುಲಭವಾಗಿ ಕೂರುವುದರ ಗುಟ್ಟೂ ಇದೇ, ಭಜನೆ ತುಂಬ ಸಂಬೋಧನೆಯೇ ಇರುತ್ತದೆ. ಹಳಗನ್ನಡದ ‘ಕಡಲ್’ ಬಳಸಬಹುದಲ್ಲ ಎಂದರೆ, ಪೌರಾಣಿಕ ಪ್ರಸಂಗದಲ್ಲಿ ಸೈ, ಮದುವೆ ಹಾಡಿನಲ್ಲಿ ನಗೆಪಾಟಲು.

ಎರಡನೆಯ ಅಪಾಯ ಲಘುವನ್ನು ಎಳೆಯುವುದು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. ದೀರ್ಘ ಸ್ವರದ ಮೇಲೆ ‘ಬಳೆ’ ಇಟ್ಟರೆ ಕೇಳುವವರಿಗೆ ‘ಬಾಳೆ’, ‘ಹಳೆ’ ಇಟ್ಟರೆ ‘ಹಾಳೆ’, ‘ಮಡಿ’ ಇಟ್ಟರೆ ‘ಮಾಡಿ’. ಮದುಮಗಳ ಕೈತುಂಬ ಬಾಳೆ ತೊಡಿಸಿದ ಹಾಡುಗಳು ಬೇಕಾದಷ್ಟಿವೆ. ಬರೆದ ಮೇಲೆ ಸಾಹಿತ್ಯ ಗೊತ್ತಿಲ್ಲದವರಿಗೆ ಒಮ್ಮೆ ಹಾಡಿ ಕೇಳಿಸಿ, ಏನು ಕೇಳಿತೆಂದು ಅವರಿಂದಲೇ ಬರೆಸುವುದು ಒಳ್ಳೆಯ ಪರೀಕ್ಷೆ.

ಕರೋಕೆಯ ವಿಷಯಕ್ಕೆ ಬಂದರೆ, ಟ್ರ್ಯಾಕ್ ಎಂದು ಕರೆಸಿಕೊಳ್ಳುವುದರಲ್ಲಿ ಮೂರು ಜಾತಿ. ಮೂಲ ಮುದ್ರಣದಿಂದಲೇ ಗಾಯನ ತೆಗೆದು ಕಂಪನಿಯವರು ಕೊಟ್ಟದ್ದು, ಬೇರೆಯವರು ಕೀಬೋರ್ಡಿನಲ್ಲಿ ಮರುನುಡಿಸಿದ್ದು, ಸಾಫ್ಟ್‌ವೇರಿನಿಂದ ಗಾಯನ ಅಳಿಸಿದ್ದು. ಮೂರನೆಯದರಲ್ಲಿ ಮೂಲ ಗಾಯಕರ ಮಾರ್ದನಿ ಹಿಂದೆ ತೆಳ್ಳಗೆ ಉಳಿದಿರುತ್ತದೆ, ಅದರಲ್ಲೂ ‘ಸ’, ‘ಶ’ ಬರುವಲ್ಲಿ. ಮೊದಲನೆಯದು, ಮೂರನೆಯದು ಎರಡೂ ಮೂಲ ಮುದ್ರಣವೇ ಆದ್ದರಿಂದ ಅವುಗಳ ಮೇಲೆ ಹಾಡಿದ್ದನ್ನು ಕವರ್ ಎನ್ನಲಾಗದು. ಬದಲಾದದ್ದು ಕಂಠ ಮಾತ್ರ. ಶ್ರುತಿಯದ್ದು ಇನ್ನೊಂದು ತಾಪತ್ರಯ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಗಂಡಸರು ಕಪ್ಪು ಒಂದರಲ್ಲಿ ಹಾಡಿದ್ದನ್ನು ಹೆಂಗಸರು ಬಿಳಿ ಐದರಲ್ಲಿ ಹಾಡಬೇಕಾದರೆ ಆರು ಸ್ವರಸ್ಥಾನ ಏರಬೇಕು. ಟ್ರ್ಯಾಕನ್ನು ಎರಡು ಸ್ಥಾನ ಏರಿಸಿಳಿಸಿದರೆ ಕಿವಿಗೆ ಅಷ್ಟಾಗಿ ತಿಳಿಯದು. ನಾಲ್ಕು ದಾಟಿದರೆ ತಬಲೆ ತಗಡಿನಂತಾಗುತ್ತದೆ, ಇಳಿಸಿದರೆ ತಾಳವಾದ್ಯವೆಲ್ಲ ಊದಿಕೊಳ್ಳುತ್ತದೆ. ಅಷ್ಟು ಅಂತರವಿದ್ದರೆ ಹೊಸದಾಗಿ ನುಡಿಸಿಕೊಳ್ಳುವುದೇ ವಾಸಿ.

ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಮು ಕವರ್ ಆವೃತ್ತಿಗೆಂದೇ ಇರುವುದು. ಮೊದಲ ಮುದ್ರಣವಾದ ವರ್ಷದ ಕೊನೆಯಿಂದ ಐದು ಪೂರ್ಣ ಕ್ಯಾಲೆಂಡರ್ ವರ್ಷ ಕಳೆಯಬೇಕು. 2020ರ ಮಾರ್ಚಿನಲ್ಲಿ ಮುದ್ರಿಸಿದ ಹಾಡಿಗೆ 2026ರ ಜನವರಿ 1ರಿಂದ ಈ ದಾರಿ ತೆರೆಯುತ್ತದೆ. ಮುಂಚಿತವಾಗಿ ನೋಟಿಸ್ ಕೊಡಬೇಕು, ಲೇಬಲಿನ ನಕಲು ಕೊಡಬೇಕು, ರಾಯಧನ ಮೊದಲೇ ಕಟ್ಟಬೇಕು. ಆ ರಾಯಧನ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ, ಹತ್ತೇ ಪ್ರತಿ ಮಾಡಿದರೂ. ಸಣ್ಣವರಿಗೆ ಈ ದಾರಿ ದುಬಾರಿ ಎನ್ನುವುದು ಇಲ್ಲೇ ಗೊತ್ತಾಗುತ್ತದೆ. ಹಕ್ಕುದಾರರಿಂದ ನೇರವಾಗಿ ಲಿಖಿತ ಒಪ್ಪಿಗೆ ಪಡೆಯುವುದು ಅಗ್ಗವಾಗಬಹುದು. ಹೊದಿಕೆಯ ಮೇಲೆ ಇದು ಕವರ್ ಆವೃತ್ತಿ ಎಂದು ಬರೆದಿರಬೇಕು, ಹಿಂದಿನ ಮುದ್ರಣದ ಗಾಯಕರ ಹೆಸರು, ಚಿತ್ರ ಹಾಕುವಂತಿಲ್ಲ. ತಾಂತ್ರಿಕವಾಗಿ ತೀರಾ ಅಗತ್ಯವಿಲ್ಲದ ಯಾವ ಬದಲಾವಣೆಯನ್ನೂ ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಮಾಡುವಂತಿಲ್ಲ. ಹಾಗಾಗಿ ಧಾಟಿ ಹಾಡು ಈ ಕಲಮಿನ ಆಸರೆಗೆ ಬರುವುದಿಲ್ಲ, ಅದಕ್ಕೆ ಮಟ್ಟಿನ ಹಕ್ಕುದಾರರ ಅನುಮತಿ ಬೇರೆಯೇ ಬೇಕು. ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ದಾಸರ ಪದ ಎಲ್ಲರದ್ದೂ ಹೌದು, ಅದರ ಇತ್ತೀಚಿನ ಮುದ್ರಣ ಎಲ್ಲರದ್ದಲ್ಲ.

ಮದುವೆಯ ದಿಬ್ಬಣದಲ್ಲಿ, ಮದುವೆಗೆ ಸೇರಿದ ಸಮಾರಂಭದಲ್ಲಿ, ಧಾರ್ಮಿಕ ಕಾರ್ಯದಲ್ಲಿ ಹಾಡುವುದಕ್ಕೆ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡುವುದಕ್ಕೂ ಇದೆ. ಆದರೆ ಅದೇ ಮದುವೆಯ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದಾಗ ವಿನಾಯಿತಿಯ ನೆಪ ನಡೆಯದು. ಅಲ್ಲಿಯ ಯಂತ್ರ ಮೂಲ ಮುದ್ರಣವನ್ನಷ್ಟೇ ಅಲ್ಲ, ಮಟ್ಟನ್ನೂ ಗುರುತಿಸಬಲ್ಲದು. ಹಕ್ಕುದಾರರು ಜಾಹೀರಾತಿನ ಹಣ ತಮಗೆ ತಿರುಗಿಸಿಕೊಳ್ಳಬಹುದು, ವಿಡಿಯೋವನ್ನೇ ತಡೆಯಲೂಬಹುದು. ‘ಹಕ್ಕು ನಮ್ಮದಲ್ಲ’ ಎಂದು ಕೆಳಗೆ ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಆದರೂ ವಿಡಿಯೋದ ವಿವರಣೆಯಲ್ಲಿ ಹೆಸರುಗಳನ್ನು ಬರೆಯಲೇಬೇಕು (ಗಾಯಕರ ಹೆಸರು ಹಾಕಬಾರದೆಂಬ ಮೇಲಿನ ನಿಯಮ 31ಸಿ ದಾರಿಯಲ್ಲಿ ಬರುವ ಮುದ್ರಣದ ಹೊದಿಕೆಗೆ), ಅದೂ ಪದರ ಪದರವಾಗಿ: ಸಾಹಿತ್ಯ ಯಾರದ್ದು, ಮಟ್ಟು ಯಾರದ್ದು, ಮೊದಲು ಹಾಡಿದವರು ಯಾರು ಮತ್ತು ಯಾವ ವರ್ಷ, ಈ ಮುದ್ರಣದ ವಾದ್ಯಸಂಯೋಜನೆ ಯಾರದ್ದು. ‘ಮಾಣಿಕ್ಯ ಮಲರಾಯ ಪೂವಿ’ಯ ಕವರ್ ಮಾಡುವವರು ಸಿನಿಮಾದ ಹೆಸರೊಂದನ್ನೇ ಹಾಕಿದರೆ ಜಬ್ಬಾರ್, ರಫೀಕ್ ಇಬ್ಬರೂ ಬಿಟ್ಟುಹೋಗುತ್ತಾರೆ.