ಇಎಂಐ ಅಲ್ಲೇ ಇದೆ, ವರ್ಷಗಳು ಮಾತ್ರ ಜಾಸ್ತಿ ಆಗಿವೆ

ಜುಲೈ ತಿಂಗಳಲ್ಲಿ ನನ್ನ ಆಫೀಸಿಗೆ ಬರುವವರಲ್ಲಿ ಮೂವತ್ತೈದರಿಂದ ನಲವತ್ತೈದರ ಒಳಗಿನವರೇ ಹೆಚ್ಚು. ಆದಾಯ ತೆರಿಗೆ ರಿಟರ್ನ್ಸ್ ಫೈಲ್ ಮಾಡಿಸುವುದು ಒಂದು ನೆಪ ಅಷ್ಟೇ. ಫಾರಂ 16 ಮಡಚಿ ಬ್ಯಾಗಿಗೆ ಹಾಕಿಕೊಂಡ ಮೇಲೆ ನಿಜವಾದ ಮಾತು ಶುರುವಾಗುತ್ತದೆ. "ಸರ್, ಇಬ್ರೂ ದುಡೀತೀವಿ. ಆದ್ರೂ ಏನೂ ಕೈಯಲ್ಲಿ ನಿಲ್ತಿಲ್ಲ. ಕೆಲಸಕ್ಕೆ ಸೇರಿದಾಗ ನಲವತ್ತಕ್ಕೆಲ್ಲ ಸಾಲ ತೀರಿಸಿ ಆರಾಮಾಗಿರ್ತೀನಿ ಅಂದ್ಕೊಂಡಿದ್ದೆ."

ಇದಕ್ಕೆ ಕಾರಣ ಹತ್ತಿವೆ. ಶಾಲೆಯ ಫೀಸು, ಕಾರು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು, ತಂಗಿ ಮದುವೆ. ಇವೆಲ್ಲ ಅವರಿಗೇ ಗೊತ್ತು, ನಾನು ಹೇಳಬೇಕಾಗಿಲ್ಲ. ನನ್ನ ತಲೆ ಕೆಡಿಸುವುದು ಒಂದೇ ಮಾತು. ಹೋಮ್ ಲೋನ್ ಬಗ್ಗೆ ಕೇಳಿದರೆ ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ: "ಅದೇನೂ ತೊಂದ್ರೆ ಇಲ್ಲ ಸರ್. ಇಎಂಐ ಏರಿಲ್ಲ, ಆವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ."

ಅಷ್ಟೇ ಇರುವುದೇ ತೊಂದರೆ ಮಾರಾಯ್ರೇ!

ಮೊನ್ನೆ ಒಂದು ಜೋಡಿ ಬಂದಿತ್ತು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತೇನೆ. ದಾವಣಗೆರೆ ಕಡೆಯವರು, ಇಬ್ಬರೂ ಸಾಫ್ಟ್‌ವೇರ್, ಕನಕಪುರ ರಸ್ತೆಯ ಕಡೆ ಫ್ಲಾಟು. 2021ರಲ್ಲಿ ಸಾಲ ತೆಗೆದಿದ್ದರು, 20 ವರ್ಷಕ್ಕೆ. ಬ್ಯಾಂಕಿನ ಆಪ್ ತೆರೆಸಿ ಸ್ಟೇಟ್‌ಮೆಂಟ್ ತೆಗೆಸಿದೆ. ಕೊನೆಯ ಕಂತಿನ ವರ್ಷ 2052 ಅಂತಿತ್ತು. ಆ ಹುಡುಗ ಎರಡು ಸಲ ನೋಡಿ, "ಇದು ಟೈಪಿಂಗ್ ಮಿಸ್ಟೇಕ್ ಇರ್ಬೇಕು ಸರ್, 2041 ಆಗ್ಬೇಕು" ಅಂದ. ಹೆಂಡತಿ ಮಾತಾಡಲಿಲ್ಲ, ಬೆರಳು ಮಡಚಿ ಲೆಕ್ಕ ಹಾಕಿದಳು. "ಆಗ ನಿಮಗೆ ಅರವತ್ತಾರು ರೀ" ಅಂದಳು.

ಮಿಸ್ಟೇಕ್ ಏನೂ ಆಗಿರಲಿಲ್ಲ. ಏನಾಗಿತ್ತು ಅಂತ ಲೆಕ್ಕ ಸಮೇತ ಹೇಳುತ್ತೇನೆ. ಇಎಂಐ ಅಂದರೆ ತಿಂಗಳ ಕಂತು, ಫ್ಲೋಟಿಂಗ್ ಬಡ್ಡಿ ಅಂದರೆ ಕಾಲಕಾಲಕ್ಕೆ ಏರಿಳಿಯುವ ಬಡ್ಡಿ. ಸಾಲ ತೆಗೆದವರಿಗೆ ಅಷ್ಟು ಗೊತ್ತಿರಲೇಬೇಕು.

ಕೋವಿಡ್ ಸಮಯದಲ್ಲಿ, ಅಂದರೆ 2020ರ ಮೇ ತಿಂಗಳಲ್ಲಿ, ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ಕ್ಕೆ ಇಳಿಸಿತು. 2022ರ ಮೇವರೆಗೂ ಅದು ಅಲ್ಲೇ ಇತ್ತು. ಗೃಹಸಾಲ ಶೇ 6.7ರ ಆಸುಪಾಸಿಗೆ ಸಿಗುತ್ತಿತ್ತು. ಅಷ್ಟು ಅಗ್ಗದ ಸಾಲವನ್ನು ನಾನಂತೂ ಅದಕ್ಕೆ ಮೊದಲು ನೋಡಿರಲಿಲ್ಲ. 50 ಲಕ್ಷಕ್ಕೆ 20 ವರ್ಷದ ಇಎಂಐ ಸುಮಾರು 37,870 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 27,917 ಬಡ್ಡಿಗೆ, ಉಳಿದ 9,953 ಅಸಲಿಗೆ.

ಆಮೇಲೆ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಹೋಯಿತು. 2019ರ ಅಕ್ಟೋಬರ್‌ನಿಂದ ಈಚೆಗೆ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳೆಲ್ಲ ಬ್ಯಾಂಕು ತಾನೇ ನಿಗದಿ ಮಾಡದ, ಹೊರಗಿನ ಮಾನದಂಡಕ್ಕೆ ಜೋಡಣೆ ಆಗಿವೆ. ಬಹುಪಾಲು ಕಡೆ ಅದು ರೆಪೊ ದರವೇ. ರೆಪೊ ಎರಡೂವರೆ ಏರಿದರೆ ನಿಮ್ಮ ಬಡ್ಡಿಯೂ ಎರಡೂವರೆ ಏರುತ್ತದೆ. 6.7 ಇದ್ದದ್ದು 9.2 ಆಯಿತು.

ಈಗ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

ಲೆಕ್ಕ ಸುಲಭವಾಗಲಿ ಅಂತ ಬಡ್ಡಿ ಒಂದೇ ಸಲ ಏರಿತು ಅಂದುಕೊಳ್ಳೋಣ. ಒಂದೂವರೆ ವರ್ಷ ಕಂತು ಕಟ್ಟಿದ್ದೀರಿ, ಬಾಕಿ 48.12 ಲಕ್ಷ ಇದೆ. ಅದರ ಮೇಲೆ ಶೇ 9.2ರಂತೆ ಒಂದು ತಿಂಗಳ ಬಡ್ಡಿ ಎಷ್ಟು? 36,893. ನಿಮ್ಮ ಇಎಂಐ ಎಷ್ಟು? ಅದೇ 37,870. ಅಸಲಿಗೆ ಹೋದದ್ದು 977 ರೂಪಾಯಿ. ಮೊದಲು ಹತ್ತಿರ ಹತ್ತಿರ 10 ಸಾವಿರ ಹೋಗುತ್ತಿತ್ತು, ಈಗ ಸಾವಿರವೂ ಇಲ್ಲ. ನಿಮ್ಮ ಅಕೌಂಟಿನಿಂದ ಮಾತ್ರ ಅದೇ ತಾರೀಕು, ಅದೇ ಮೊತ್ತ ಕಟ್ ಆಗುತ್ತಿದೆ. ಅದೇ ಮೆಸೇಜ್ ಬರುತ್ತಿದೆ. ಏನೂ ಬದಲಾಗಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ.

ತಿಂಗಳಿಗೆ 977ರಿಂದ ಶುರುವಾದರೆ ಆ ಸಾಲ ತೀರುವುದು ಯಾವಾಗ? ಸುಮಾರು 480 ತಿಂಗಳಿಗೆ. ಅಂದರೆ 40 ವರ್ಷ. 20 ವರ್ಷಕ್ಕೆ ತೆಗೆದ ಸಾಲ, ಒಂದೂವರೆ ವರ್ಷ ಕಟ್ಟಿದ ಮೇಲೆ ಇನ್ನೂ 40 ವರ್ಷ! ಅಷ್ಟು ದೂರ ಬ್ಯಾಂಕುಗಳು ಹೋಗಲು ಬಿಡುವುದಿಲ್ಲ. ವಯಸ್ಸಿನ ಮಿತಿ ಇರುತ್ತದೆ. ಅಲ್ಲಿವರೆಗೆ ಅವಧಿ ಎಳೆದು, ಆಮೇಲೆ ಇಎಂಐಯನ್ನೂ ಒಂದಿಷ್ಟು ಏರಿಸುತ್ತಾರೆ. ಆದರೆ ಮೊದಲು ಎಳೆಯುವುದು ಅವಧಿಯನ್ನೇ. ಯಾಕೆಂದರೆ ಅವಧಿ ಎಳೆದರೆ ಗ್ರಾಹಕ ಗಲಾಟೆ ಮಾಡುವುದಿಲ್ಲ. ಇಎಂಐ 500 ರೂಪಾಯಿ ಏರಿದರೂ ಬ್ರ್ಯಾಂಚಿಗೆ ಫೋನ್ ಹೋಗುತ್ತದೆ.

2025ರಲ್ಲಿ ರೆಪೊ ಮತ್ತೆ ಇಳಿಯಿತು. ಫೆಬ್ರವರಿಯಿಂದ ಡಿಸೆಂಬರ್‌ ಒಳಗೆ 6.5ರಿಂದ 5.25ಕ್ಕೆ. "ಹಾಗಾದ್ರೆ ಸರಿ ಹೋಯ್ತಲ್ಲ ಸರ್" ಅನ್ನುತ್ತಾರೆ. ಎಲ್ಲಿ ಸರಿ ಹೋಯಿತು? ಇದೇ ಸಾಲಕ್ಕೆ ಈಗ 7.95 ಬಡ್ಡಿ ಅಂದುಕೊಳ್ಳಿ. ಮೊದಲ ಒಂದೂವರೆ ವರ್ಷ 6.7ರಲ್ಲಿ, ಆಮೇಲೆ ಎರಡು ವರ್ಷ 9.2ರಲ್ಲಿ, ಹೀಗೆ ಮೂರೂವರೆ ವರ್ಷದಲ್ಲಿ ನೀವು ಕಟ್ಟಿದ್ದು ಸುಮಾರು 15.9 ಲಕ್ಷ. ಅಸಲು ಇಳಿದದ್ದು ಬರೀ 2.13 ಲಕ್ಷ. ಇನ್ನೂ ಬಾಕಿ ಇರುವ ಅವಧಿ ಹತ್ತಿರ ಹತ್ತಿರ 23 ವರ್ಷ. ಮೂವತ್ತನಾಲ್ಕಕ್ಕೆ ಸಾಲ ತೆಗೆದವರು ಐವತ್ತನಾಲ್ಕಕ್ಕೆ ತೀರಿಸಬೇಕಿತ್ತು. ಈಗ ಅರವತ್ತು ದಾಟಬೇಕು. ಸಂಬಳ ಬರುವುದು ಅಲ್ಲಿವರೆಗೆ ನಡೆಯುತ್ತದೆ ಅಂತ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಯಾರು ಬರೆದುಕೊಡುತ್ತಾರೆ?

ಆ ದಾವಣಗೆರೆ ಹುಡುಗನ ಜೊತೆ ಅವನ ತಂದೆಯೂ ಬಂದಿದ್ದರು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ನಾನು ಕ್ಯಾಲ್ಕುಲೇಟರ್ ಒತ್ತುತ್ತಿದ್ದಾಗ ಅರ್ಧಕ್ಕೇ ತಡೆದರು. "ಸಾಹೇಬ್ರ, ಅವೆಲ್ಲಾ ಬ್ಯಾಡ. ಅಸಲು ಎಷ್ಟ್ ಇಳೀತು ಅದನ್ನಷ್ಟ ಹೇಳ್ರಿ." ಊರಿನ ಸಹಕಾರ ಸಂಘದಲ್ಲಿ ಬೆಳೆಸಾಲ ತೆಗೆದವರು ಯಾರೇ ಆಗಲಿ ಮೊದಲು ಕೇಳುವುದು ಅದನ್ನೇ. ಎಂಜಿನಿಯರಿಂಗ್ ಓದಿದ ಮಗನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಆದರೆ ಅಪ್ಪಂದಿರ ಕಾಲದ ಒಂದು ವಿಷಯ ಮಕ್ಕಳ ದಾರಿ ತಪ್ಪಿಸಿದೆ ಅಂತಲೂ ನನಗೆ ಅನ್ನಿಸುತ್ತದೆ. ಕೇಂದ್ರ ಸರ್ಕಾರದ ನೌಕರರಿಗೆ ಮನೆ ಕಟ್ಟಲು ಮುಂಗಡ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಎಚ್‌ಬಿಎ ಅಂತಾರೆ. ಅದರ ವಿಶೇಷ ಏನು ಗೊತ್ತಾ? ಮೊದಲು ಅಸಲು ವಸೂಲಿ, ಬಡ್ಡಿ ಆಮೇಲೆ. ಅಸಲು ಹೆಚ್ಚೆಂದರೆ 180 ಕಂತಿನಲ್ಲಿ, ಅದು ಮುಗಿದ ಮೇಲೆ ಬಡ್ಡಿ 60 ಕಂತಿನಲ್ಲಿ. ಅದೂ ಸರಳ ಬಡ್ಡಿ. ಸಂಬಳದ ಚೀಟಿಯಲ್ಲಿ ಕಟ್ ಆದ ಹಣವೆಲ್ಲ ನೇರವಾಗಿ ಅಸಲಿಗೇ ಹೋಗುತ್ತಿತ್ತು. ಅಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಕಂತು ಕಟ್ಟಿದಷ್ಟೂ ಸಾಲ ಇಳಿಯುತ್ತದೆ ಅನ್ನುವುದು ಸಹಜವಾಗಿ ಬಂದ ನಂಬಿಕೆ. ಬ್ಯಾಂಕಿನ ಸಾಲ ಹಾಗಲ್ಲ. ಅಲ್ಲಿ ಬಡ್ಡಿಯದು ಮೊದಲ ಪಂಕ್ತಿ. ಎಲೆಯಲ್ಲಿ ಏನಾದರೂ ಉಳಿದರೆ ಅಸಲಿಗೆ.

"ನಮ್ಮಪ್ಪ ಒಬ್ರೇ ದುಡಿದು ಮೂರು ಮಕ್ಕಳನ್ನ ಓದಿಸಿ ಮನೆ ಕಟ್ಟಿದ್ರು, ನಮ್ಮ ಕೈಲಿ ಯಾಕಾಗ್ತಿಲ್ಲ" ಅನ್ನುವ ಕೊರಗೂ ಇದರ ಜೊತೆಗೇ ಬರುತ್ತದೆ. ಇದು ಅರ್ಧ ನಿಜ. ಆಗ ಸೈಟಿನ ಬೆಲೆಗೂ ಸಂಬಳಕ್ಕೂ ಇಷ್ಟು ಅಂತರ ಇರಲಿಲ್ಲ. ಉಳಿದರ್ಧವನ್ನು ಮರೆಯುತ್ತಾರೆ. ಆ ಮನೆ ಒಂದೇ ಸಲ ಎದ್ದದ್ದಲ್ಲ. ಎರಡು ರೂಮು, ಅಡುಗೆಮನೆ ಮೊದಲು. ಗೋಡೆಗೆ ಪ್ಲಾಸ್ಟರಿಂಗ್ ಆದದ್ದು ಎಷ್ಟೋ ವರ್ಷದ ಮೇಲೆ. ಮಹಡಿ ಕಟ್ಟಿದ್ದು ನಿವೃತ್ತಿಯಾಗಿ ಪಿಎಫ್, ಗ್ರಾಚ್ಯುಯಿಟಿ ಕೈಗೆ ಬಂದಾಗ, ಐವತ್ತೆಂಟರಲ್ಲಿ. ಮಗನಿಗೆ ಮೂವತ್ತಕ್ಕೇ ಮಾಡ್ಯುಲರ್ ಕಿಚನ್ ಸಮೇತ ಬೇಕು. ತಪ್ಪು ಅಂತ ನಾನು ಹೇಳುತ್ತಿಲ್ಲ. ಹೋಲಿಕೆ ಸರಿಯಾಗಿ ಮಾಡಿ ಅಂತ ಹೇಳುತ್ತಿದ್ದೇನೆ.

ಬ್ಯಾಂಕ್ ಇದನ್ನೆಲ್ಲ ಮುಚ್ಚಿಡುತ್ತದೆ ಅನ್ನುವ ದೂರೂ ಪೂರ್ತಿ ಸರಿಯಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟ ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಇಎಂಐ ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಸಾಲಗಾರನಿಗೆ ಆಯ್ಕೆ ಕೊಡಬೇಕು. ಇಲ್ಲಿಯವರೆಗೆ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಹೋಗಿದೆ, ಎಷ್ಟು ಕಂತು ಬಾಕಿ ಇದೆ ಅಂತ ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ತಿಳಿಸುತ್ತಾರೆ ಕೂಡ. ಆ ಮೇಲ್ ಓದುವವರು ಯಾರು? ಮೊದಲು ಒಂದು ಅನುಕೂಲ ಇತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷದವರೆಗೆ ಕಡಿತ ಸಿಗುತ್ತದೆ ಅಂತ ಬ್ಯಾಂಕಿನ ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆಯಾದರೂ ತರುತ್ತಿದ್ದರು. ಅದರಲ್ಲಿ ಅಸಲು ಒಂದು ಕಡೆ, ಬಡ್ಡಿ ಒಂದು ಕಡೆ. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಹೊಸ ಪದ್ಧತಿಯಲ್ಲಿ ಆ ಕಡಿತ ಇಲ್ಲ, ಬಹಳ ಜನ ಅದಕ್ಕೇ ಹೋಗಿದ್ದಾರೆ. ಸರ್ಟಿಫಿಕೇಟ್ ತೆಗೆಯುವುದೇ ನಿಂತುಹೋಗಿದೆ.

ಏನು ಮಾಡಬಹುದು? ಪ್ರತಿಯೊಬ್ಬರ ಲೆಕ್ಕ ಬೇರೆ, ನಿಮ್ಮ ಕಾಗದ ನೋಡದೆ ನಾನು ಸಲಹೆ ಕೊಡುವುದು ಸರಿಯಲ್ಲ. ಆದರೂ ಮೇಲಿನ ಸಾಲವನ್ನೇ ಇಟ್ಟುಕೊಂಡು ಎರಡು ಲೆಕ್ಕ ಹೇಳಬಹುದು. 23 ವರ್ಷ ಬಾಕಿ ಇರುವ ಆ ಸಾಲಕ್ಕೆ ಇಎಂಐಯನ್ನು 5,000 ರೂಪಾಯಿ ಏರಿಸಿದರೆ ಅವಧಿ 17 ವರ್ಷಕ್ಕೆ ಬರುತ್ತದೆ, ಬಡ್ಡಿ ಹಾಗೇ ಇದ್ದರೆ. ಬೋನಸ್ ಬಂದಾಗ ಒಮ್ಮೆ 2 ಲಕ್ಷ ಪಾರ್ಟ್ ಪೇಮೆಂಟ್ ಮಾಡಿದರೆ, ಅಂದರೆ ಕಂತಿನ ಹೊರತಾಗಿ ಅಸಲಿಗೇ ಕಟ್ಟಿದರೆ, ಸುಮಾರು 29 ಕಂತು ಕಟ್ಟುವುದು ತಪ್ಪುತ್ತದೆ. 2 ಲಕ್ಷ ಕಟ್ಟಿ 11 ಲಕ್ಷದ ಕಂತು ತಪ್ಪಿಸಿಕೊಂಡ ಹಾಗೆ. ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ಗೃಹಸಾಲಕ್ಕೆ ಮೊದಲೇ ಕಟ್ಟಿದರೆ ದಂಡ ಇಲ್ಲ. ಇದು 2012ರಿಂದಲೂ ಇರುವ ನಿಯಮ. ಈಗಲೂ ದಂಡ ಬೀಳುತ್ತೆ ಅಂತ ಹೆದರುವವರು ವಾರಕ್ಕೊಬ್ಬರು ಸಿಗುತ್ತಾರೆ.

ಹಾಗಂತ ಇದ್ದಬದ್ದದ್ದನ್ನೆಲ್ಲ ತಂದು ಸಾಲಕ್ಕೆ ಸುರಿಯಬೇಡಿ. ನನ್ನ ಕಕ್ಷಿದಾರರೊಬ್ಬರು ಹಾಗೆ ಮಾಡಿದರು. ಎಫ್‌ಡಿ ಮುರಿದು, ಹೆಂಡತಿಯ ಚೀಟಿ ದುಡ್ಡನ್ನೂ ಸೇರಿಸಿ ಕಟ್ಟಿದರು. ಮೂರೇ ತಿಂಗಳಿಗೆ ತಾಯಿಗೆ ಆಪರೇಷನ್. ಶೇ 8ರ ಸಾಲ ತೀರಿಸಲು ಹೋಗಿ ಶೇ 14ರ ಪರ್ಸನಲ್ ಲೋನ್ ಮೈಮೇಲೆ ಹಾಕಿಕೊಂಡರು. ಆರು ತಿಂಗಳ ಖರ್ಚು ಪಕ್ಕಕ್ಕಿರಲಿ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅದು ಮೊದಲು.

ಇನ್ನೊಂದು. ಬಡ್ಡಿ ಇಳಿದಾಗ ಬ್ಯಾಂಕ್ ಫೋನ್ ಮಾಡಿ "ಇಎಂಐ ಕಡಿಮೆ ಮಾಡ್ಕೊಡ್ತೀವಿ" ಅಂದರೆ ಖುಷಿಯಿಂದ ಹೂಂ ಅನ್ನಬೇಡಿ. ಮನೆ ನಡೆಸಲು ಕಷ್ಟ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಇಎಂಐ ಅಷ್ಟೇ ಇರಲಿ, ಅವಧಿ ಇಳಿಯಲಿ ಅನ್ನಿ. ಪಾರ್ಟ್ ಪೇಮೆಂಟ್ ಮಾಡುವಾಗಲೂ ಇದೇ ಪ್ರಶ್ನೆ ಬರುತ್ತದೆ. ಕೆಲವು ಬ್ಯಾಂಕುಗಳ ಆಪ್‌ನಲ್ಲಿ ಎರಡೂ ಆಯ್ಕೆ ಇರುತ್ತವೆ, ಕೆಲವು ಕಡೆ ಕೇಳದೇ ಇಎಂಐ ಇಳಿಸಿಬಿಡುತ್ತಾರೆ. ಹೊಸ ಗ್ರಾಹಕರಿಗೆ ನಿಮಗಿಂತ ಕಡಿಮೆ ಬಡ್ಡಿ ಕೊಡುತ್ತಿದ್ದರೆ ಅದನ್ನೂ ಕೇಳಿ. ಒಂದಿಷ್ಟು ಶುಲ್ಕ ತೆಗೆದುಕೊಂಡು ಬದಲಿಸಿಕೊಡುವ ಬ್ಯಾಂಕುಗಳಿವೆ.

ಬಾಯಲ್ಲಿ ಕೇಳಿ ಬಂದರೆ ಸಾಲದು, ಮೇಲ್ ಕಳಿಸಿ. ಉದ್ದ ಬೇಡ. ಸಾಲದ ಖಾತೆ ಸಂಖ್ಯೆ ಹಾಕಿ ಮೂರು ಸಾಲು ಸಾಕು: ಇವತ್ತಿನ ಅಸಲು ಬಾಕಿ ಎಷ್ಟು, ಉಳಿದ ಕಂತು ಎಷ್ಟು, ಇಂಥ ತಿಂಗಳಿಂದ ಇಎಂಐ ಇಷ್ಟಕ್ಕೆ ಏರಿಸಿ ಅವಧಿ ಕಡಿಮೆ ಮಾಡಿ. ವಾಪಸ್ ಬಂದ ರಿಕ್ವೆಸ್ಟ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಕಂತಿನ ತಾರೀಕು ಹಿಂದಕ್ಕೆ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಆ ನಂಬರ್ ಹಿಡಿದು ಬ್ರ್ಯಾಂಚಿಗೆ ಹೋಗಿ. ನನ್ನ ಹತ್ತಿರ ಜುಲೈವರೆಗೆ ಕಾಯಬೇಡಿ.