ಸಿದ್ದಿಗಳ ನೆಲಕ್ಕೆ ಆಫ್ರಿಕಾದ ಸಾಕ್ಷಿ ಬೇಕಿಲ್ಲ

ಅರಣ್ಯ ಹಕ್ಕಿನ ಅರ್ಜಿಗಳ ಕೆಲಸ ಮಾಡುವ ವಕೀಲನಾಗಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ಸಿದ್ದಿಗಳ ಮೂಲ ಭಾಷೆ ಯಾವುದು? ಕೇಳುವವರಿಗೆ ಆಫ್ರಿಕಾದ ಯಾವುದಾದರೂ ಹೆಸರು ಬೇಕು. ಆದರೆ ಹಳಿಯಾಳ, ಯಲ್ಲಾಪುರದ ಕಡೆ ಹೆಚ್ಚಿನ ಸಿದ್ದಿಗಳ ಮನೆಮಾತು ಕನ್ನಡ, ಮರಾಠಿ ಬೆರೆತ ಕೊಂಕಣಿ. ಆಫ್ರಿಕಾದ ಬೇರೆ ಬೇರೆ ನಾಡುಗಳಿಂದ ಹಿಡಿದು ತಂದು, ಗೋವಾದಲ್ಲಿ ಪೋರ್ಚುಗೀಸರು ದುಡಿಸಿಕೊಂಡ ಜನ ಇವರ ಹಿರಿಯರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅಷ್ಟೆಲ್ಲಾ ಆದ ಮೇಲೆ ಹಳೆಯ ಭಾಷೆ ಉಳಿಯಲಿಲ್ಲ ಅಂತ ಅವರನ್ನೇ ದೂರುವುದು ಅನ್ಯಾಯ ಅಲ್ವಾ? ಈ ಕೊಂಕಣಿಯೂ ಅವರದೇ. ಡಮಾಮಿ ಎಂಬ ಡೋಲು ಕುಣಿತ ಅವರದು, ಹಳೆ ಬಟ್ಟೆ ಸೇರಿಸಿ ಹೊಲಿಯುವ ಕವಂದಿಯೂ ಅವರದು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಮತ್ತು ಪರಿಶಿಷ್ಟ ಪಂಗಡದ ಸ್ಥಾನಕ್ಕೆ ಧರ್ಮ ಅಡ್ಡಿಯಲ್ಲ.

ಅಡ್ಡ ಬಂದದ್ದು ಜಿಲ್ಲೆಯ ಗಡಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರ ತನಕ ಕಾಯಬೇಕಾಯಿತು. ಅದೇ ಕಾಡು, ಅದೇ ನೆಂಟರು. ಇದರ ಪೆಟ್ಟು ನೇರ ಜಮೀನಿಗೇ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆ ಸಾಕು, ಉಳಿದವರು ಅದಕ್ಕೂ ಹಿಂದಿನ 75 ವರ್ಷಗಳ ವಾಸ ತೋರಿಸಬೇಕು. ಕಾಗದವೇ ಇಲ್ಲದೆ ಬದುಕಿದವರು 1930ರ ಕಾಗದ ಎಲ್ಲಿಂದ ತರಬೇಕು?

ನಿಯಮ ನಿಜಕ್ಕೂ ಕಾಗದವೊಂದನ್ನೇ ಕೇಳುವುದಿಲ್ಲ. ಹಿರಿಯರ ಹೇಳಿಕೆ, ಗದ್ದೆಯ ಒಡ್ಡು, ಬಾವಿ, ಸಮಾಧಿ, ದೇವರ ಜಾಗ, ಎಲ್ಲವೂ ಸಾಕ್ಷಿಯೇ. ಒಂದಕ್ಕಿಂತ ಜಾಸ್ತಿ ಸಾಕ್ಷಿ ಬೇಕು ಅಷ್ಟೇ. ಆದರೆ ಹೇಳಿಕೆ ಕೊಡುವವರು ಅರ್ಜಿದಾರರೇ ಆಗಿರಬಾರದು. ಇಲ್ಲೇ ಭಾಷೆಯ ವಿಷಯ ಬರುತ್ತದೆ. ಅಜ್ಜಿ ತನ್ನ ಕೊಂಕಣಿಯಲ್ಲಿ ಯಾವ ಹಳ್ಳದ ಪಕ್ಕ ಯಾರು ಒಡ್ಡು ಹಾಕಿದರು, ಯಾರ ಮದುವೆಯ ವರ್ಷ ಬಾವಿ ತೋಡಿದರು, ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣು ಮಾಡಿದರು ಅಂತ ಬಿಡಿಸಿ ಹೇಳುತ್ತಾಳೆ. ಬರೆದುಕೊಳ್ಳುವವರು 'ಬಹಳ ವರ್ಷಗಳಿಂದ ಸಾಗುವಳಿ' ಅಂತ ಒಂದೇ ಸಾಲಿನ ಕನ್ನಡ ಮಾಡಿ ಮುಗಿಸುತ್ತಾರೆ. ಜಾಗ ಗುರುತಿಸಲು ಬೇಕಾದದ್ದೆಲ್ಲಾ ಅಲ್ಲೇ ಹೋಯಿತು. ಅಜ್ಜಿಯ ಮಾತನ್ನು ಇದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆಯಿರಿ, ಕೆಳಗೆ ಕನ್ನಡದಲ್ಲಿ ಪೂರ್ತಿ ಅರ್ಥ ಕೊಡಿ, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.

ಹಕ್ಕುಪತ್ರ ಬಂದಾಗ ಹೆಸರು ನೋಡಿ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆ ನೆಲ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಗ್ರಾಮಸಭೆಯಲ್ಲೇ ಅರ್ಜಿ ತಿರಸ್ಕಾರವಾದರೆ ಠರಾವಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಠರಾವು ಆದ ದಿನದಿಂದ 60 ದಿನಗಳೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಹೋಗಬೇಕು, ಅಜ್ಜಿಯ ಹೇಳಿಕೆಯ ಸಮೇತ.